ಜಾಥಾಕ್ಕೆ ಬೇಕು, ಸಭೆಗೆ ಬೇಡವೇ ಯುವಜನ?

ಕೊಪ್ಪಳ: ಜನವರಿಯಲ್ಲಿ ರಾಷ್ಟ್ರೀಯ ರಸ್ತೆ ಸುರಕ್ಷತಾ ಮಾಸ ಬಂತೆಂದರೆ ವಿದ್ಯಾರ್ಥಿಗಳು ಫಲಕ ಹಿಡಿದು ಜಾಥಾ ಹೊರಡುವುದು ವಾಡಿಕೆ. ಘೋಷಣೆ, ಪ್ರತಿಜ್ಞೆ, ಭಾಷಣಗಳೊಂದಿಗೆ ಕಾರ್ಯಕ್ರಮ ಮುಗಿಯುತ್ತದೆ. ಆದರೆ ರಸ್ತೆ ಸುರಕ್ಷತೆಯ ಯೋಜನೆ ರೂಪಿಸುವ ಸಭೆಗಳಲ್ಲಿ ಇದೇ ಯುವಜನರಿಗೆ ಖಚಿತ ಸ್ಥಾನವಿಲ್ಲ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರು. ಅವರಲ್ಲಿ ಶೇ 66.5ರಷ್ಟು ಮಂದಿ 18ರಿಂದ 45 ವರ್ಷದವರು. ಹೆಲ್ಮೆಟ್ ಧರಿಸದೆ ಸತ್ತವರು 50,029. ಹೆಚ್ಚು ಸಾಯುವವರು ಯಾರೋ ಅವರ ಮಾತೇ ಯೋಜನೆಯಲ್ಲಿ ಕಡಿಮೆ ಎಂಬುದು ಇಲ್ಲಿನ ವಿಪರ್ಯಾಸ.

ತಾಲೂಕಿಗೊಂದು ಸಮಸ್ಯೆ

ಕೊಪ್ಪಳ ಪಟ್ಟಣದ ಬಳಿ ಹುಬ್ಬಳ್ಳಿ–ಹೊಸಪೇಟೆ ಹೆದ್ದಾರಿ ಹಾದುಹೋಗುತ್ತದೆ. ಕುಷ್ಟಗಿಯದು ಸೊಲ್ಲಾಪುರ–ಚಿತ್ರದುರ್ಗ ಹೆದ್ದಾರಿ. ಆ ತಾಲೂಕಿನ ಕಲಕೇರಿ ಬಳಿ 2023ರ ಮೇ 28ರಂದು ಕಾರು–ಲಾರಿ ಡಿಕ್ಕಿಯಲ್ಲಿ ಆರು ಮಂದಿ ಪ್ರಾಣ ಕಳೆದುಕೊಂಡರು. ಭತ್ತದ ಕಣಜವಾದ ಗಂಗಾವತಿಯಲ್ಲಿ ಸುಗ್ಗಿಯ ಕಾಲಕ್ಕೆ ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ರಾತ್ರಿಯ ಬೈಕ್ ಸವಾರರಿಗೆ ಕಂಟಕ. ಯಲಬುರ್ಗಾದಂತಹ ಗ್ರಾಮೀಣ ತಾಲೂಕಿನಲ್ಲಿ ಕಾಲೇಜಿನ ವೇಳೆಗೆ ಬಸ್ ಸಿಗದಿದ್ದರೆ ಒಂದೇ ಬೈಕಿನಲ್ಲಿ ಮೂವರು ಹೊರಡುತ್ತಾರೆ. ಇದನ್ನೆಲ್ಲ ದಿನನಿತ್ಯ ಕಾಣುವವರು ವಿದ್ಯಾರ್ಥಿಗಳೇ.

ಕಾನೂನಿನ ಅಡ್ಡಿಯಿಲ್ಲ

2019ರ ತಿದ್ದುಪಡಿಯಂತೆ ಅಪ್ರಾಪ್ತರು ವಾಹನ ಚಲಾಯಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನ ಮಾಲೀಕರಿಗೆ 25 ಸಾವಿರ ರೂಪಾಯಿ ದಂಡದ ಜೊತೆಗೆ ಮೂರು ವರ್ಷದವರೆಗೆ ಜೈಲು ವಿಧಿಸಬಹುದು. ಶಿಕ್ಷೆ ಅಗತ್ಯವೇ. ಆದರೆ ಬಸ್ ಇಲ್ಲದ ಊರಿನಲ್ಲಿ ದಂಡವೊಂದೇ ಪರಿಹಾರವಾಗದು.

1988ರ ಮೋಟಾರು ವಾಹನ ಕಾಯ್ದೆಯ 215ನೇ ಕಲಮು ರಾಷ್ಟ್ರ ಹಾಗೂ ರಾಜ್ಯ ಮಟ್ಟದಲ್ಲಿ ರಸ್ತೆ ಸುರಕ್ಷತಾ ಮಂಡಳಿ, ಜಿಲ್ಲೆಗೊಂದು ಸಮಿತಿ ರಚಿಸಲು ಅವಕಾಶ ನೀಡಿದೆ. ಜಿಲ್ಲಾ ಸಮಿತಿಗೆ ಯಾರನ್ನು ಸದಸ್ಯರನ್ನಾಗಿ ಮಾಡಬೇಕೆಂಬುದು ರಾಜ್ಯ ಸರ್ಕಾರದ ವಿವೇಚನೆಗೆ ಬಿಟ್ಟ ವಿಷಯ. ಅಂದರೆ ಯುವಜನರನ್ನು ಸೇರಿಸಲು ಹೊಸ ಕಾನೂನೇ ಬೇಕಿಲ್ಲ. ವಿಶ್ವಸಂಸ್ಥೆಯ ಆಶ್ರಯದಲ್ಲಿ ರಸ್ತೆ ಸುರಕ್ಷತೆ ಕುರಿತ ವಿಶ್ವ ಯುವ ಸಮ್ಮೇಳನ ಜಿನೀವಾದಲ್ಲಿ ನಡೆದದ್ದು 2007ರಲ್ಲೇ.

ವಿದ್ಯಾರ್ಥಿಗಳಿಗೆ ತಾಂತ್ರಿಕ ಜ್ಞಾನವಿಲ್ಲ, ಮೂರು ವರ್ಷಕ್ಕೆ ಕಾಲೇಜು ಬಿಟ್ಟು ಹೋಗುತ್ತಾರೆ ಎಂಬ ಆಕ್ಷೇಪ ಬರಬಹುದು. ರಸ್ತೆಯ ವಿನ್ಯಾಸ ಎಂಜಿನಿಯರರ ಕೆಲಸ, ನಿಜ. ಆದರೆ ಅಪಾಯದ ತಿರುವು, ಕೆಟ್ಟ ಬೀದಿದೀಪ, ಬಾರದ ಬಸ್ಸಿನ ಲೆಕ್ಕ ಬರೆದಿಡಲು ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಘಟಕ ಸಾಕು. ತಾಲೂಕಿಗೆ ಒಬ್ಬ ಯುವಕ, ಒಬ್ಬ ಯುವತಿಯನ್ನು ವರ್ಷದ ಮಟ್ಟಿಗೆ ಸಮಿತಿಗೆ ಆಹ್ವಾನಿಸಿ, ಅವರ ಪಟ್ಟಿಯಲ್ಲಿ ಆದದ್ದೆಷ್ಟು, ಬಾಕಿಯೆಷ್ಟು ಎಂದು ಪ್ರಕಟಿಸಿದರೆ ಸಭೆಗೂ ಹೊಣೆಗಾರಿಕೆ ಬರುತ್ತದೆ.

ರಸ್ತೆ ಸಾವುಗಳನ್ನು 2030ರೊಳಗೆ ಅರ್ಧಕ್ಕೆ ಇಳಿಸುವುದು ವಿಶ್ವಸಂಸ್ಥೆಯ ಗುರಿ. ದೆಹಲಿಯ ಯೋಜನೆ ಕಲಕೇರಿಯ ರಸ್ತೆಗೆ ಮುಟ್ಟಬೇಕಾದರೆ ಆ ರಸ್ತೆಯಲ್ಲಿ ಓಡಾಡುವವರ ಮಾತು ಮೊದಲು ಜಿಲ್ಲಾ ಸಭೆಯನ್ನು ಮುಟ್ಟಬೇಕು.