ಅಕ್ಕನಿಗೆ ವಯಸ್ಸಾಯ್ತಂತೆ!

ತುಂಬಾ ದಿನದಿಂದ ಬರೀಬೇಕು ಅಂದ್ಕೊಂಡಿದ್ದ ವಿಷಯ ಇದು. ಕೋಪ ಆರಿದ ಮೇಲೆ ಬರೆಯೋಣ ಅಂತ ಕಾದೆ. ಆರಲಿಲ್ಲ. ಹಾಗಾಗಿ ಬಿಸಿಬಿಸಿಯಾಗೇ ಬಡಿಸ್ತಿದ್ದೀನಿ, ನಾಲಿಗೆ ಸುಟ್ಟರೆ ಬೇಜಾರು ಮಾಡ್ಕೋಬೇಡಿ.

ನಮ್ಮಕ್ಕನಿಗೆ ಈಗ ಮೂವತ್ತೊಂಬತ್ತು. ತಿಪಟೂರಿನಲ್ಲಿದ್ದಾಳೆ. ಬಿ.ಕಾಂ. ಓದಿದವಳು, ಹದಿನಾಲ್ಕು ವರ್ಷ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆದವಳು. ಅವಳ ಅತ್ತೆಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋದಾಗ ಅಂಗಡಿ ಕೆಲಸ ಬಿಟ್ಟಳು. ಹದಿನಾಲ್ಕು ತಿಂಗಳು ಮನೆಯಲ್ಲೇ ಆರೈಕೆ. ತಲೆದಿಂಬು ಎತ್ತರಿಸಿ ಮೂಗಿನ ನಳಿಗೆಯಲ್ಲಿ ಗಂಜಿ ಬಿಡೋದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸೋದು, ಮೂತ್ರದ ಚೀಲದಲ್ಲಿ ಎಷ್ಟು ಬಂತು ಅಂತ ಅಳೆದು ಬರೆದಿಡೋದು. ಲೆಕ್ಕ ಬರೆಯೋ ಚಾಳಿ ನೋಡಿ, ಒಂದು ಉದ್ದನೆ ನೋಟ್‌ಬುಕ್ಕಿಗೆ ಗೆರೆ ಎಳೆದು ಹೊತ್ತು, ಔಷಧಿ, ಜ್ವರ, ಬಿಪಿ ಎಲ್ಲ ಬರೀತಿದ್ದಳು. ಆ ಪುಸ್ತಕ ನೋಡಿದ ಡಾಕ್ಟರು "ನೀವು ನರ್ಸಾ ಅಮ್ಮಾ?" ಅಂತ ಕೇಳಿದ್ರಂತೆ. ಅತ್ತೆ ತೀರಿಕೊಂಡಾಗ ಬೆನ್ನಿನಲ್ಲಿ ಒಂದೇ ಒಂದು ಹುಣ್ಣಿರಲಿಲ್ಲ. ಹಾಸಿಗೆ ಹಿಡಿದವರನ್ನು ಮನೆಯಲ್ಲಿಟ್ಟುಕೊಂಡು ನೋಡಿದವರಿಗೆ ಇದು ಎಂಥಾ ದೊಡ್ಡ ಮಾತು ಅಂತ ಗೊತ್ತಿರುತ್ತೆ.

ತಿಥಿ ಕಳೆದು ಹದಿನೈದು ದಿನಕ್ಕೆ ಫೋನ್ ಬಂತು. "ಲೋ, ನಾನು ನರ್ಸಿಂಗ್ ಓದ್ತೀನಿ ಕಣೋ. ಯಾವ ಕೋರ್ಸು, ಎಲ್ಲಿ, ಎಷ್ಟು ವರ್ಷ ಅಂತ ಇಂಟರ್ನೆಟ್ಟಲ್ಲಿ ನೋಡಿ ಹೇಳು."

ನಾನು ನಕ್ಕೆ. ಇದನ್ನ ಇಲ್ಲಿ ಒಪ್ಪಿಕೊಳ್ಳದಿದ್ದರೆ ಮುಂದೆ ಬರೆಯೋದಕ್ಕೆ ನನಗೆ ಹಕ್ಕಿಲ್ಲ. ಮುಂದಿನ ಕೋಪದಲ್ಲಿ ಒಂದು ಪಾಲು ನನ್ನ ಮೇಲೆಯೂ ಇದೆ.

ಆಮೇಲೆ ಕೂತು ನೋಡಿದೆ. ನಮ್ಮಲ್ಲಿ ದಾರಿಗಳು ಮುಖ್ಯವಾಗಿ ಮೂರು. ಎಎನ್ಎಂ ಎರಡು ವರ್ಷ. ಜಿಎನ್ಎಂ ಮೂರು ವರ್ಷ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ, ಅದಕ್ಕೆ ಪಿಯುಸಿಯಲ್ಲಿ ಫಿಸಿಕ್ಸು, ಕೆಮಿಸ್ಟ್ರಿ, ಬಯಾಲಜಿ ಇರಲೇಬೇಕು. ಅಕ್ಕ ಕಾಮರ್ಸು, ಆದ್ದರಿಂದ ಬಿ.ಎಸ್ಸಿ. ಬಿಟ್ಟಾಕಿ. ಜಿಎನ್ಎಂಗೆ ಯಾವ ವಿಭಾಗದಲ್ಲಿ ಪಿಯುಸಿ ಮಾಡಿದ್ದರೂ ನಡೆಯುತ್ತೆ. ಇಂಗ್ಲಿಷ್ ಓದಿದ್ದು, ಶೇಕಡಾ 40 ಅಂಕ ಬಂದಿದ್ದರೆ ಸಾಕು. ಅದು ಮುಗಿಸಿ, ಬೇಕಾದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡ್ಕೋಬಹುದು. ಅಬ್ಬಾ, ಸಿಕ್ಕಿತು ದಾರಿ ಅಂದ್ಕೊಂಡು ಕೆಳಗಿನ ಸಾಲು ಓದಿದೆ. ಕನಿಷ್ಠ ವಯಸ್ಸು 17, ಗರಿಷ್ಠ 35.

ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ನಿಯಮ. ಬಿ.ಎಸ್ಸಿ.ಗೂ 2021ರಲ್ಲಿ ಪ್ರಕಟವಾದ ನಿಯಮಾವಳಿಯಲ್ಲಿ ಅದೇ 35. ಹೋಗ್ಲಿ, ಮೂವತ್ತೈದು ದಾಟಿದರೆ ಈ ವಿದ್ಯೆ ತಲೆಗೆ ಹತ್ತಲ್ಲ ಅಂತ ಇರಬಹುದು ಅಂದ್ಕೊಂಡೆ. ಹಾಗೂ ಇಲ್ಲ ಸ್ವಾಮಿ! ಈಗಾಗಲೇ ಎಎನ್ಎಂ ಆಗಿರುವವರು ಜಿಎನ್ಎಂ ಸೇರಲು ವಯಸ್ಸಿನ ಮಿತಿಯೇ ಇಲ್ಲ ಅಂತ ಅದೇ ಕೌನ್ಸಿಲ್ಲು ಅದೇ ನಿಯಮದಲ್ಲಿ ಬರೆದಿದೆ. ಅಂದ್ರೆ ನಲವತ್ತೈದರ ಎಎನ್ಎಂ ಕ್ಲಾಸಿನಲ್ಲಿ ಕೂರಬಹುದು, ವಾರ್ಡಿನಲ್ಲಿ ನಿಲ್ಲಬಹುದು, ರಾತ್ರಿ ಪಾಳಿ ಮಾಡಬಹುದು. ಮೂವತ್ತೊಂಬತ್ತರ ನಮ್ಮಕ್ಕ ಮಾಡೋ ಹಾಗಿಲ್ಲ. ಅಲ್ಲಿಗೆ ಅಡ್ಡಿ ವಯಸ್ಸಿನದ್ದಲ್ಲ, ತಡವಾಗಿ ಮನಸ್ಸು ಮಾಡಿದ್ದರದ್ದು ಅಂತಾಯ್ತು.

ಇದಕ್ಕಿಂತ ತಮಾಷೆ ಇನ್ನೊಂದಿದೆ. ಎಂಬಿಬಿಎಸ್ ಸೇರಲು ನೀಟ್ ಪರೀಕ್ಷೆಗೆ ಮೊದಲು ಸಾಮಾನ್ಯ ವರ್ಗಕ್ಕೆ 25ರ ಮಿತಿ ಇತ್ತು. 2022ರಲ್ಲಿ ಆ ಗರಿಷ್ಠ ಮಿತಿಯನ್ನೇ ತೆಗೆದುಹಾಕಿದರು. ಸರಿಯಾದ ಕೆಲಸವೇ. ಹಾಗಾಗಿ ಈ ದೇಶದಲ್ಲಿ ನಲವತ್ತನೇ ವಯಸ್ಸಿಗೆ ಡಾಕ್ಟರಾಗಲು ಹೊರಡಬಹುದು, ನರ್ಸ್ ಆಗಲು ಹೊರಡುವಂತಿಲ್ಲ. ಡಾಕ್ಟರಿಗೆ ಬೇಡದ ಎಳೆ ವಯಸ್ಸು ನರ್ಸಿಗೆ ಯಾಕೆ ಬೇಕು? ನನಗೆ ತೋಚೋ ಕಾರಣ ಒಂದೇ. ನಮ್ಮ ಕಣ್ಣಲ್ಲಿ ಡಾಕ್ಟರಿಕೆ ಅಂದ್ರೆ ವಿದ್ಯೆ, ನರ್ಸಿಂಗ್ ಅಂದ್ರೆ ಮದುವೆಗೆ ಮುಂಚೆ ಹುಡುಗಿಯರಿಗೊಂದು ನೌಕರಿ. 2020ರ ಮಾರ್ಚ್ 22ರ ಸಂಜೆ ಐದಕ್ಕೆ ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿದೆವಲ್ಲ, ನಾನೂ ಬಡಿದೆ. ಆ ಸದ್ದು ನಿಯಮ ಬರೆಯುವವರ ಕಿವಿಗೆ ಬಿದ್ದ ಹಾಗಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ ಹೆಸರಿಲ್ಲದೆ ನರ್ಸಿಂಗ್ ಕಾಲೇಜಿನ ಒಂದು ಸಮಾರಂಭವೂ ಮುಗಿಯಲ್ಲ. ಹುಟ್ಟಿದ್ದು 1820. ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದದ್ದು 1851ರಲ್ಲಿ, ಆಗಲೇ ಮೂವತ್ತೊಂದು. ಮನೆಯವರ ವಿರೋಧಕ್ಕೆ ಹೆದರಿ ಇನ್ನು ಐದು ವರ್ಷ ಸುಮ್ಮನಿದ್ದಿದ್ದರೆ ನಮ್ಮ ಕೌನ್ಸಿಲ್ಲು ಆಯಮ್ಮನಿಗೂ ಅರ್ಜಿ ವಾಪಸ್ ಕಳಿಸ್ತಿತ್ತು.

ಇದನ್ನೆಲ್ಲ ಒಬ್ಬ ಗೆಳೆಯನ ಹತ್ತಿರ ಕೂಗಾಡಿದಾಗ ಅವನಂದ, "ಸರ್ಕಾರ ಖರ್ಚು ಮಾಡಿ ಓದಿಸಿದ ಮೇಲೆ ಒಂದಷ್ಟು ವರ್ಷ ದುಡೀಬೇಕಲ್ವೇನೋ?" ಸರಿ, ಲೆಕ್ಕ ಹಾಕೋಣ. ಮೂವತ್ತೊಂಬತ್ತಕ್ಕೆ ಸೇರಿದರೆ ನಲವತ್ತೆರಡಕ್ಕೆ ಹೊರಗೆ. ನಮ್ಮ ರಾಜ್ಯ ಸರ್ಕಾರದ ನೌಕರರ ನಿವೃತ್ತಿ ವಯಸ್ಸು 60. ಹದಿನೆಂಟು ವರ್ಷ ಸಾಲದಾ? ಇನ್ನೊಂದು ಕಡೆ, ಇಲ್ಲಿ ಓದಿದ ಎಷ್ಟೋ ಹುಡುಗ ಹುಡುಗಿಯರು ಗಲ್ಫಿಗೋ ಇಂಗ್ಲೆಂಡಿಗೋ ಹೋಗ್ತಾರೆ. ಹೋಗಲಿ, ಅವರ ಬದುಕು ಅವರದ್ದು, ಸಾಫ್ಟ್‌ವೇರಿನವನಾದ ನಾನು ಅದನ್ನ ತಪ್ಪು ಅನ್ನೋಕಾಗಲ್ಲ. ಆದರೆ ತಿಪಟೂರಿನಲ್ಲಿ ಮನೆ, ಗಂಡ, ಹೈಸ್ಕೂಲಿಗೆ ಹೋಗೋ ಮಗ ಇರೋ ಹೆಂಗಸು ಎಲ್ಲಿಗೆ ಹಾರ್ತಾಳೆ? ತಾಲ್ಲೂಕು ಆಸ್ಪತ್ರೆಗೆ ಬೇಕಾಗಿರೋದು ಊರಲ್ಲೇ ನಿಲ್ಲುವವರು.

ಅಮೆರಿಕದಲ್ಲಿರುವ ನಮ್ಮ ಬ್ಲಾಗಿಗರಿಗೆ ಇದು ವಿಚಿತ್ರ ಅನಿಸಬಹುದು. ಅಲ್ಲಿ ಬೇರೆ ವಿಷಯದಲ್ಲಿ ಡಿಗ್ರಿ ಮಾಡಿದವರಿಗಾಗಿಯೇ ಸುಮಾರು ಹನ್ನೆರಡರಿಂದ ಹದಿನೆಂಟು ತಿಂಗಳಿನ ಆಕ್ಸೆಲರೇಟೆಡ್ ಬಿ.ಎಸ್.ಎನ್. ಅಂತ ಇದೆ. ಅನಾಟಮಿ, ಮೈಕ್ರೋಬಯಾಲಜಿ ಥರದ ಕೆಲವು ವಿಷಯ ಮೊದಲೇ ಓದಿಕೊಂಡು ಬರಬೇಕು, ಫೀಸೂ ಜೇಬು ಹರಿಯುವಷ್ಟು. ಆದರೂ ದಾರಿ ಇದೆ. ಇಲ್ಲಿ ಅಕ್ಕನ ಬಿ.ಕಾಂ.ಗೆ, ಹದಿನಾಲ್ಕು ವರ್ಷದ ಕೆಲಸಕ್ಕೆ, ಆ ನೋಟ್‌ಬುಕ್ಕಿಗೆ ಸೊನ್ನೆ.

ಬಾಗಿಲು ಮುಚ್ಚಿದ ಕಡೆ ಕಿಟಕಿ ಹತ್ತಿರ ನಿಂತು ಕೈ ಬೀಸುವವರು ಇದ್ದೇ ಇರ್ತಾರಲ್ಲ. ಒಬ್ಬ ಏಜೆಂಟು ಅಕ್ಕನಿಗೆ ಹೇಳಿದ, "ಮೇಡಂ, ವಯಸ್ಸು ನಾವು ನೋಡ್ಕೋತೀವಿ, ನೀವು ಕ್ಲಾಸಿಗೂ ಬರೋದು ಬೇಡ, ಪರೀಕ್ಷೆಗೆ ಬಂದರೆ ಸಾಕು." ಕ್ಲಾಸಿಗೆ ಹೋಗದ ನರ್ಸು! ಅಕ್ಕ ಫೋನ್ ಇಟ್ಟಳು. ಇನ್ನೊಬ್ಬ ಆರು ತಿಂಗಳ 'ಹೋಂ ನರ್ಸಿಂಗ್' ಸರ್ಟಿಫಿಕೇಟ್ ಕೊಡ್ತೀನಿ ಅಂದ. ಅದನ್ನು ಹಿಡಿದುಕೊಂಡು ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ನೋಂದಣಿ ಮಾಡಿಸೋಕಾಗಲ್ಲ, ನೋಂದಣಿ ಇಲ್ಲದವರು ಕಾನೂನಿನ ಲೆಕ್ಕದಲ್ಲಿ ನರ್ಸೇ ಅಲ್ಲ.

ಅಕ್ಕ ಈಗ ಒಂದು ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿ ಮಾಡ್ತಿದ್ದಾಳೆ, ಆಯಾ ಅಂತ ಹೆಸರು. ನಳಿಗೆಯಲ್ಲಿ ಗಂಜಿ ಬಿಡ್ತಾಳೆ, ಮಗ್ಗುಲು ಬದಲಿಸ್ತಾಳೆ, ಬಿಪಿ ನೋಡ್ತಾಳೆ. ನಿಯಮ ಅವಳನ್ನ ರೋಗಿಯಿಂದ ದೂರ ಇಡಲಿಲ್ಲ. ಪಾಠದಿಂದ, ನೋಂದಣಿಯಿಂದ, ನರ್ಸಿನ ಸಂಬಳದಿಂದ ದೂರ ಇಟ್ಟಿತು ಅಷ್ಟೇ. ಕಲಿಸಬೇಕಾದ್ದನ್ನು ಕಲಿಸದೆ ಕೆಲಸ ಮಾತ್ರ ಮಾಡಿಸಿಕೊಳ್ಳೋದು ರೋಗಿಗೆ ಹೇಗೆ ಕ್ಷೇಮ ಅಂತ ಯಾರಾದ್ರೂ ನನಗೆ ಬಿಡಿಸಿ ಹೇಳಿ. ಅವಳು ಅಳೆದದ್ದನ್ನು ಬೆಳಿಗ್ಗೆ ಬೇರೆಯವರು ಚಾರ್ಟಿಗೆ ಇಳಿಸಿ ಸಹಿ ಹಾಕ್ತಾರಂತೆ.

1947ರ ಹಳೇ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ಅಂತ 2023ರಲ್ಲಿ ಸಂಸತ್ತು ಹೊಸ ಆಯೋಗದ ಕಾಯ್ದೆ ಪಾಸು ಮಾಡಿದೆ. ಹೊಸ ನಿಯಮ ಬರೆಯುವಾಗ ಆ 35ರ ಸಾಲನ್ನು ಬಿಟ್ಟುಬಿಡಲಿ. ಅಂಕ ನೋಡಿ, ದೇಹಾರೋಗ್ಯದ ಸರ್ಟಿಫಿಕೇಟ್ ಕೇಳಿ, ಬೇಕಾದರೆ ಒಂದು ತಿಂಗಳು ವಾರ್ಡಿನಲ್ಲಿ ನಿಲ್ಲಿಸಿ ನೋಡಿ. ಹುಟ್ಟಿದ ದಿನಾಂಕ ನೋಡಿ ವಾಪಸ್ ಕಳಿಸಬೇಡಿ.

ಓದುಗರಲ್ಲಿ ಮೂವತ್ತೆರಡು, ಮೂವತ್ತಮೂರರ ಯಾರಾದ್ರೂ ಈ ಯೋಚನೆಯಲ್ಲಿದ್ದರೆ ಇನ್ನೊಂದು ವರ್ಷ ನೋಡೋಣ ಅನ್ನಬೇಡಿ. ಪಿಯುಸಿಯಲ್ಲಿ ಸೈನ್ಸ್ ಇದ್ದರೆ ಬಿ.ಎಸ್ಸಿ., ಇಲ್ಲದಿದ್ದರೆ ಜಿಎನ್ಎಂ. ಕಾಲೇಜಿಗೆ ಕೌನ್ಸಿಲ್ಲಿನ ಮಾನ್ಯತೆ ಇದೆಯಾ, ಸೇರಿದ ಆಸ್ಪತ್ರೆಯಲ್ಲಿ ನಿಜವಾಗಿ ರೋಗಿಗಳಿದ್ದಾರಾ ಅಂತ ಖುದ್ದು ಹೋಗಿ ನೋಡಿ. ಮತ್ತೆ, ಈ ವಯಸ್ಸಿನ ಮಿತಿಯ ವಿರುದ್ಧ ಕೋರ್ಟಿಗೆ ಹೋದವರು ಯಾರಾದ್ರೂ ಗೊತ್ತಿದ್ದರೆ ದಯವಿಟ್ಟು ಕಾಮೆಂಟಿನಲ್ಲಿ ತಿಳಿಸಿ. ಅಕ್ಕನ ಹತ್ತಿರ ಎಲ್ಲ ದಾಖಲೆ ಇದೆ, ನೀಟಾಗಿ ಫೈಲ್ ಮಾಡಿಟ್ಟಿದ್ದಾಳೆ.