ಇಎಂಐ ಜೊತೆ ‘ರಿಪೇರಿ ಕಂತೂ’ ಇರಲಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂತಾರೆ ಹಿರಿಯರು. ಕಟ್ಟಿದ ಮೇಲಿನ ಪಾಡನ್ನು ಮಾತ್ರ ಯಾರೂ ಹೇಳಲಿಲ್ಲ! ಗೃಹಪ್ರವೇಶದ ತೋರಣ ಒಣಗುವ ಹೊತ್ತಿಗೆ ಕೈಯಲ್ಲಿದ್ದ ಹಣವೂ ಖಾಲಿ. ಬಾಡಿಗೆ ಮನೆಯಲ್ಲಿ ನಲ್ಲಿ ಕೆಟ್ಟರೆ ಓನರ್‌ಗೆ ಫೋನ್ ಮಾಡಿದರೆ ಆಯ್ತು. ಈಗ ಓನರ್ ನೀವೇ.

ಬ್ಯಾಂಕಿನ ಕಂತು, ಮಕ್ಕಳ ಫೀಸು, ದಿನಸಿ, ಹಾಲು... ಎಲ್ಲಕ್ಕೂ ಲೆಕ್ಕ ಬರೆಯುತ್ತೇವೆ. ರಿಪೇರಿಗೆ ಮಾತ್ರ ‘ಬಂದಾಗ ನೋಡಿಕೊಳ್ಳೋಣ ಬಿಡಿ’ ಅನ್ನುತ್ತೇವೆ. ಬಂದಾಗ ಏನಾಗುತ್ತೆ? ನೀವು ಚೀಟಿ ಕಟ್ಟಿ ಕೂಡಿಟ್ಟ ದುಡ್ಡು ಕರಗುತ್ತದೆ. ಅದೂ ಸಾಲದಿದ್ದರೆ ಬೀರುವಿನಲ್ಲಿದ್ದ ನಿಮ್ಮ ಬಳೆ ಅಡವಿಗೆ ಹೋಗುತ್ತದೆ.

ಯೋಚಿಸಿ ನೋಡಿ, ರಿಪೇರಿ ಖರ್ಚು ಹೇಳದೆ ಕೇಳದೆ ಬರುವುದು ಕಡಿಮೆಯೇ. ಯುಪಿಎಸ್ ಬ್ಯಾಟರಿ ನಾಲ್ಕೈದು ವರ್ಷಕ್ಕಿಂತ ಹೆಚ್ಚು ಬಾಳುವುದು ಅಪರೂಪ. ಬಿಸಿಲು, ಮಳೆಗೆ ಹೊರಗಿನ ಬಣ್ಣ ಮಾಸುತ್ತದೆ. ತಾರಸಿಗೆ ಬಳಿದ ವಾಟರ್‌ಪ್ರೂಫಿಂಗ್ ಸವೆಯುತ್ತದೆ. ದಿನಾಂಕ ಗೊತ್ತಿಲ್ಲ ಅಷ್ಟೆ, ಬರುವುದಂತೂ ಖಂಡಿತ. ಹಾಗಿದ್ದ ಮೇಲೆ ಅದನ್ನೂ ತಿಂಗಳಿಗೆ ಹಂಚಿಬಿಡಿ.

ಲೆಕ್ಕ ಹೀಗೆ (ಇವು ಉದಾಹರಣೆಗೆ ಮಾತ್ರ, ನಿಮ್ಮೂರಿನ ದರ ಹಾಕಿಕೊಳ್ಳಿ):

* ಬ್ಯಾಟರಿ: 14,400 ರೂ., 4 ವರ್ಷಕ್ಕೊಮ್ಮೆ – ತಿಂಗಳಿಗೆ 300 ರೂ.
* ತಾರಸಿ: 24,000 ರೂ., 4 ವರ್ಷಕ್ಕೊಮ್ಮೆ – 500 ರೂ.
* ಬಣ್ಣ: 60,000 ರೂ., 5 ವರ್ಷಕ್ಕೊಮ್ಮೆ – 1,000 ರೂ.
* ಸಂಪ್, ಟ್ಯಾಂಕ್ ತೊಳೆಸುವುದು, ನೀರಿನ ಫಿಲ್ಟರ್, ಪ್ಲಂಬರ್ ಕೂಲಿ: ವರ್ಷಕ್ಕೆ 12,000 ರೂ. – 1,000 ರೂ.

ಒಟ್ಟು 2,800 ರೂಪಾಯಿ. ಒಮ್ಮೆಲೇ 60 ಸಾವಿರ ಹೊಂದಿಸುವುದಕ್ಕಿಂತ ಇದು ಹಗುರ, ಅಲ್ಲವೇ? ಸಂಬಳ ಬಂದ ದಿನವೇ ಬೇರೆ ಖಾತೆಗೋ ಆರ್‌ಡಿಗೋ ಹಾಕಿಬಿಡಿ. ಹಬ್ಬಕ್ಕೆ ಸೀರೆ ಬೇಕೆನಿಸಿದರೂ ಅದರತ್ತ ಕೈ ಚಾಚಬೇಡಿ!

ಫ್ಲ್ಯಾಟಿನವರು ‘ನಾವು ಮೇಂಟೆನೆನ್ಸ್ ಕಟ್ತೀವಲ್ಲ’ ಎನ್ನಬಹುದು. ಆ ಹಣ ಲಿಫ್ಟು, ಮೆಟ್ಟಿಲು, ಪಂಪು, ಕಾವಲುಗಾರರಿಗೆ. ನಿಮ್ಮ ಬಚ್ಚಲಿನ ನಲ್ಲಿ ನಿಮ್ಮದೇ ಜವಾಬ್ದಾರಿ. ದೊಡ್ಡ ರಿಪೇರಿಗೆಂದು ಸಂಘದಲ್ಲಿ ಮೀಸಲು ನಿಧಿ ಇದೆಯೇ ಎಂದೂ ವಿಚಾರಿಸಿ. ಇಲ್ಲದಿದ್ದರೆ ಲಿಫ್ಟ್ ಕೆಟ್ಟ ದಿನ ಎಲ್ಲರ ಮನೆಗೂ ಚೀಟಿ ಬರುತ್ತದೆ.

ಹೊಸ ಫ್ಲ್ಯಾಟಾದರೆ ಎಲ್ಲಕ್ಕೂ ನೀವೇ ಖರ್ಚು ಮಾಡಬೇಕಿಲ್ಲ. 2016ರ ರೇರಾ ಕಾಯ್ದೆ ಪ್ರಕಾರ, ಸ್ವಾಧೀನಕ್ಕೆ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ಅಥವಾ ಕಳಪೆ ಕೆಲಸವನ್ನು ಗಮನಕ್ಕೆ ತಂದರೆ, ಬಿಲ್ಡರ್ 30 ದಿನದೊಳಗೆ ಉಚಿತವಾಗಿ ಸರಿಪಡಿಸಬೇಕು. ಗೋಡೆಯಲ್ಲಿ ತೇವ ಕಂಡರೆ ಕ್ಯಾಲೆಂಡರ್ ತೂಗುಹಾಕಿ ಮುಚ್ಚಬೇಡಿ. ಫೋಟೊ ತೆಗೆದು, ಬರವಣಿಗೆಯಲ್ಲೇ ದೂರು ಕೊಡಿ, ಪ್ರತಿ ಇಟ್ಟುಕೊಳ್ಳಿ.

ಹಣ ಕಡಿಮೆ ಇದ್ದಾಗ ಮೊದಲು ನೀರು ಸೋರುವುದನ್ನು ನಿಲ್ಲಿಸಿ, ವೈರಿಂಗ್ ಸರಿಮಾಡಿಸಿ. ಅಂದಚೆಂದ ಆಮೇಲೆ. ಮೇ ತಿಂಗಳಲ್ಲೇ ತಾರಸಿ ಗುಡಿಸಿ, ನೀರು ಹೋಗುವ ಕೊಳವೆಯ ಕಸ ತೆಗೆಸಿ. ಇದಕ್ಕೆ ಅರ್ಧ ದಿನದ ಕೆಲಸ ಸಾಕು. ಬಿಟ್ಟರೆ ನೀರು ನಿಂತು ಸೂರಿಗೇ ಇಳಿಯುತ್ತದೆ.

ಯಜಮಾನರ ಜೊತೆ ಕೂತು ಇವತ್ತೇ ಈ ಪಟ್ಟಿ ಬರೆಯಿರಿ. ತಿಂಗಳಿಗೆ 500 ರೂಪಾಯಿಂದ ಶುರುವಾದರೂ ಸರಿ. ಚೀಟಿ ದುಡ್ಡು, ಬಳೆ ಎರಡೂ ನಿಮ್ಮ ಬಳಿಯೇ ಉಳಿಯಲಿ.