ಕಡಿಮೆ ರೇಟಿನ ಡೀಸೆಲ್ ಅಂದ್ರೆ ಕಳಪೆಯೇ?

ಶಿಕಾರಿಪುರ, ಸೊರಬದ ಕಡೆ ನಾಟಿ ಹೊತ್ತಿಗೆ ಟಿಲ್ಲರ್ ಕೈಕೊಟ್ಟರೆ ಮೊದಲ ಬೈಗುಳ ಬಂಕಿಗೆ. ಅದಕ್ಕೇ ಕೆಲವರು ಲೀಟರಿಗೆ ಹೆಚ್ಚು ಕೊಟ್ಟು ಪ್ರೀಮಿಯಂ ಡೀಸೆಲ್ ಹಾಕಿಸ್ತಾರೆ. ಅದು ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

2020ರ ಏಪ್ರಿಲ್‌ನಿಂದ ದೇಶದ ಎಲ್ಲ ಬಂಕುಗಳಲ್ಲೂ ಬಿಎಸ್-6 ಡೀಸೆಲ್ಲೇ. ಗಂಧಕದ ಮಿತಿ ಕಿಲೋಗೆ 10 ಮಿಲಿಗ್ರಾಂ, ಯಾವ ಕಂಪನಿಯಾದರೂ ಅಷ್ಟೇ. ಪ್ರೀಮಿಯಂನಲ್ಲಿ ಹೆಚ್ಚಿಗೆ ಇರೋದು ಇಂಜೆಕ್ಟರ್ ಶುಚಿಯಾಗಿಡುವ ಒಂದಿಷ್ಟು ರಾಸಾಯನಿಕ.

ಎಂಜಿನ್ ಕೆಡಿಸೋದು ಬಂಕಿನ ಹೆಸರಲ್ಲ, ನೀರು ಮತ್ತು ಕಸ. ಅಂಗಡಿಯಲ್ಲಿ ಕ್ಯಾನಿನಲ್ಲಿ ಮಾರುವ ಡೀಸೆಲ್ ಬೇಡ. ಮಳೆಗಾಲದಲ್ಲಿ ಸಂಜೆಯೇ ಟ್ಯಾಂಕ್ ತುಂಬಿಸಿಡಿ; ಖಾಲಿ ಟ್ಯಾಂಕಿನೊಳಗೆ ರಾತ್ರಿ ನೀರು ಬೆವರುತ್ತದೆ. ಅನುಮಾನವಿದ್ದರೆ ಬಂಕಿನಲ್ಲಿ ಡೆನ್ಸಿಟಿ ತೋರಿಸಿ, 5 ಲೀಟರ್ ಅಳತೆ ಹಾಕಿ ಅಂತ ಕೇಳಿ, ಅದು ನಿಮ್ಮ ಹಕ್ಕು. ಉಳಿದ ದುಡ್ಡಲ್ಲಿ ಒಳ್ಳೆ ಫಿಲ್ಟರ್ ತನ್ನಿ.